ಹೃದಯದ ತಾಳ, ನೆರೆಯವರ ಆಸರೆ

(ದೇವಸ್ಥಾನದ ಉತ್ಸವದ ಅಂಗವಾಗಿ ದಾನೋಳಿಯಲ್ಲಿ ನಡೆದ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಪ್ರವಚನ, ಭಜನೆ, ಪಲ್ಲಕ್ಕಿ ಸೇವೆಗಳ ನಡುವೆ ಅರ್ಧ ತಾಸು ಆರೋಗ್ಯದ ಮಾತಿಗೂ ಇರಲಿ ಎಂದು ಸಮಿತಿಯವರು ತೀರ್ಮಾನಿಸಿದ್ದು ಸಂತೋಷದ ಸಂಗತಿ. ನಾನು ವೈದ್ಯನಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಆದರೆ ಹೃದಯದ ಬಡಿತ ತಾಳ ತಪ್ಪಿದಾಗ ಮಾಡುವ ಚಿಕಿತ್ಸೆಯನ್ನು ಮಾಡಿಸಿಕೊಂಡು ಮನೆಗೆ ಬಂದವನು. ಚಿಕಿತ್ಸೆಯ ವಿಷಯ ಹೇಳಲು ವೈದ್ಯರಿದ್ದಾರೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ ಏನಾಗುತ್ತದೆ, ಆಗ ಯಾರು ಯಾರಿಗೆ ಆಸರೆಯಾಗಬೇಕು ಎಂಬುದನ್ನು ಹೇಳಲು ನಮ್ಮಂಥವರೇ ಬೇಕು. ಅದಕ್ಕಾಗಿ ತಮ್ಮ ಮುಂದೆ ನಿಂತಿದ್ದೇನೆ.

ಮೊದಲು ಹೃದಯದ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳೋಣ. ಭಜನೆಯಲ್ಲಿ ಎಷ್ಟೇ ಜನ ಹಾಡುವವರಿದ್ದರೂ ತಾಳ ಹಿಡಿಯುವವನು ಒಬ್ಬನೇ. ಹೃದಯದಲ್ಲಿಯೂ ಹಾಗೆಯೇ. ಬಲಭಾಗದ ಮೇಲಿನ ಕೋಣೆಯಲ್ಲಿ ಒಂದು ಚಿಕ್ಕ ಗಂಟು ಇದೆ. ಅಲ್ಲಿಂದ ಹೊರಟ ಸಣ್ಣ ವಿದ್ಯುತ್ ಸಂದೇಶ ಇಡೀ ಹೃದಯಕ್ಕೆ ಹರಡಿ ಬಡಿತವಾಗುತ್ತದೆ. ಬ್ರಿಟನ್ನಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬುವರು 1907ರಲ್ಲಿ ಈ ಗಂಟನ್ನು ಜಗತ್ತಿಗೆ ತಿಳಿಸಿದರು. ನಿಮಿಷಕ್ಕೆ ಎಪ್ಪತ್ತು ಬಡಿತವೆಂದರೆ ದಿನಕ್ಕೆ ಒಂದು ಲಕ್ಷ ಬಡಿತ. ನಾವು ಮಲಗಿದರೂ ಅದು ಮಲಗುವುದಿಲ್ಲ.

ಈ ತಾಳ ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಒಂದು, ಬಡಿತ ತೀರ ನಿಧಾನವಾಗುವುದು, ಇಲ್ಲವೆ ನಡುವೆ ನಿಂತು ನಿಂತು ಸಾಗುವುದು. ಆಗ ಮನುಷ್ಯ ಕಣ್ಣು ಕತ್ತಲೆಗೂಡಿ ಬೀಳುತ್ತಾನೆ. ಇದಕ್ಕೆ ಪೇಸ್‌ಮೇಕರ್ ಎಂಬ ಚಿಕ್ಕ ಯಂತ್ರವನ್ನು ಕಾಲರ್ ಎಲುಬಿನ ಕೆಳಗೆ ಚರ್ಮದೊಳಗೆ ಇಟ್ಟು, ಅದರ ತಂತಿಯನ್ನು ರಕ್ತನಾಳದ ಮೂಲಕ ಹೃದಯಕ್ಕೆ ಮುಟ್ಟಿಸುತ್ತಾರೆ. ಎರಡನೆಯದು, ಬಡಿತ ಅತಿ ವೇಗವಾಗಿ, ಅಡ್ಡಾದಿಡ್ಡಿಯಾಗಿ ಓಡುವುದು. ಇದರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಎಂಬುದೊಂದಿದೆ. ಮೇಲಿನ ಕೋಣೆಗಳು ಸರಿಯಾಗಿ ಮಿಡಿಯದೆ ನಡುಗುತ್ತವೆ; ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಈ ರೋಗವಿದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಹೆಚ್ಚೆಂದು ವೈದ್ಯರು ಹೇಳುತ್ತಾರೆ.

ವೇಗದ ಬಡಿತಕ್ಕೆ ಮಾಡುವ ಚಿಕಿತ್ಸೆಗಳಲ್ಲಿ ಅಬ್ಲೇಶನ್ ಒಂದು. ಎದೆ ಸೀಳುವುದಿಲ್ಲ. ತೊಡೆಸಂದಿನ ರಕ್ತನಾಳದಿಂದ ತೆಳುವಾದ ತಂತಿಗಳನ್ನು ಹೃದಯದವರೆಗೆ ಕಳಿಸಿ, ತಪ್ಪು ಸಂದೇಶ ಹುಟ್ಟುವ ಅಥವಾ ಹರಿಯುವ ಜಾಗವನ್ನು ಹುಡುಕಿ, ಕಾವಿನಿಂದಲೋ ತಂಪಿನಿಂದಲೋ ಆ ದಾರಿಯನ್ನು ಮುಚ್ಚುತ್ತಾರೆ. ನಮ್ಮ ಭಾಗದವರಿಗೆ ಇದನ್ನು ತಿಳಿಸುವುದು ಸುಲಭ. ಕಬ್ಬಿಗೆ ನೀರು ಹಾಯಿಸುವಾಗ ಕಾಲುವೆ ಒಡೆದು ನೀರು ಅಡ್ಡ ಹರಿದರೆ ಏನು ಮಾಡುತ್ತೇವೆ? ಒಡೆದಲ್ಲಿ ಬುಟ್ಟಿ ಮಣ್ಣು ಹಾಕಿ ತುಳಿಯುತ್ತೇವೆ. ಆಗ ನೀರು ತನ್ನ ಸಾಲಿನಲ್ಲಿ ಹೋಗುತ್ತದೆ. ಆದರೆ ಹಾಕಿದ ಮಣ್ಣು ಗಟ್ಟಿಯಾಗಲು ಸಮಯ ಬೇಕು. ಈ ಮಾತನ್ನು ನೆನಪಿನಲ್ಲಿಡಿ.

ನನಗೆ ಮಾಡಿದ್ದು ಇದೇ ಅಬ್ಲೇಶನ್. ಕೆಲವು ತಾಸಿನ ಕೆಲಸ. ಕಾಲು ಮಡಿಸದೆ ಮಲಗಿದ್ದು ಮರುದಿನ ಮನೆಗೆ ಬಂದೆ. ಬಂಧುಗಳು ಬಂದರು, ಎಳನೀರು ತಂದರು, "ಇನ್ನೇನು ಆರಾಮ ಆತಲ್ಲ" ಎಂದು ಹೇಳಿ ಹೋದರು. ಮೂರನೆಯ ವಾರದ ಒಂದು ರಾತ್ರಿ ಎದೆ ಮತ್ತೆ ಮೊದಲಿನಂತೆ ಓಡತೊಡಗಿತು. ಖರ್ಚು ಮಾಡಿದ ಹಣ, ಮನೆಯವರು ಪಟ್ಟ ಕಷ್ಟ ಎಲ್ಲವೂ ನೀರಿನಲ್ಲಿ ಹೋಯಿತೆಂದು ಅನಿಸಿತು. ಆಗ ನನಗೆ ಧೈರ್ಯ ಕೊಟ್ಟವರು ಪಕ್ಕದ ಊರಿನ ಒಬ್ಬ ರೈತ ಬಂಧು. ಅವರಿಗೂ ಅದೇ ಚಿಕಿತ್ಸೆ ಒಂದು ವರ್ಷ ಮೊದಲು ಆಗಿತ್ತು. ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಾಸ್ತರ್ರ, ನನಗೂ ಎರಡನೇ ತಿಂಗಳಾಗ ಹಿಂಗ ಆಗಿತ್ರಿ. ಹೆದರಬ್ಯಾಡ್ರಿ. ಆದ್ರ ಸುಮ್ನ ಕೂಡಬ್ಯಾಡ್ರಿ, ದವಾಖಾನಿಗೆ ಫೋನ್ ಮಾಡಿ ಹೇಳ್ರಿ."

ದವಾಖಾನೆಯವರೂ ಅದನ್ನೇ ಹೇಳಿದರು. ಮೊದಲ ಎರಡು ಮೂರು ತಿಂಗಳು ಹೃದಯದೊಳಗಿನ ಗಾಯ ಮಾಯುವ ಕಾಲ. ಆ ಅವಧಿಯಲ್ಲಿ ಬಡಿತ ಮತ್ತೆ ಓಡಿದರೆ ಚಿಕಿತ್ಸೆ ವಿಫಲವಾಯಿತೆಂದು ತಿಳಿಯಬೇಕಾಗಿಲ್ಲ, ಆದರೆ ತಿಳಿಸಬೇಕು, ಬೇಕಾದರೆ ಗುಳಿಗೆ ಬದಲಿಸುತ್ತೇವೆ ಎಂದರು. ಕೆಲವರಿಗೆ ಎರಡನೆಯ ಸಲ ಅಬ್ಲೇಶನ್ ಬೇಕಾಗುವುದೂ ಉಂಟು. ವೈದ್ಯರ ಮಾತಿನಿಂದ ನನಗೆ ತಿಳಿವಳಿಕೆ ಬಂತು. ಆದರೆ ಆ ರಾತ್ರಿ ನಿದ್ದೆ ಬಂದದ್ದು "ನನಗೂ ಹಿಂಗ ಆಗಿತ್ರಿ" ಎಂಬ ಮಾತಿನಿಂದ. ಆ ಒಂದು ಮಾತನ್ನು ವೈದ್ಯರು ಹೇಳಲಾರರು. ಆ ದಾರಿಯಲ್ಲಿ ನಡೆದವನೇ ಹೇಳಬೇಕು.

ಇದು ಹೊಸ ವಿಚಾರವೇನೂ ಅಲ್ಲ. 1951ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಡ್ವೈಟ್ ಹಾರ್ಕನ್ ಎಂಬ ಹೃದಯ ಶಸ್ತ್ರವೈದ್ಯರು ತಮ್ಮ ನಾಲ್ಕು ರೋಗಿಗಳನ್ನು ಜೊತೆಗೂಡಿಸಿದರು. ಅದರಿಂದ 'ಮೆಂಡೆಡ್ ಹಾರ್ಟ್ಸ್' ಎಂಬ ಸಂಘ ಹುಟ್ಟಿತು. ಗುಣವಾದ ರೋಗಿಯು ಹೊಸ ರೋಗಿಯ ಮಂಚದ ಬಳಿ ಹೋಗಿ ಕೂತು ಮಾತಾಡುವುದೇ ಆ ಸಂಘದ ಮುಖ್ಯ ಸೇವೆ.

ಇನ್ನೊಬ್ಬರ ಕಥೆ ಕೇಳಿ. ಸ್ವೀಡನ್ ದೇಶದ ಆರ್ನೆ ಲಾರ್ಸನ್ ಎಂಬಾತನಿಗೆ ಹೃದಯ ನಿಂತು ನಿಂತು ದಿನಕ್ಕೆ ಹಲವು ಸಲ ಎಚ್ಚರ ತಪ್ಪುತ್ತಿತ್ತು. ಅವನ ಹೆಂಡತಿ ಎಲ್ಸೆ-ಮೇರಿ ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮತ್ತು ಶಸ್ತ್ರವೈದ್ಯ ಓಕೆ ಸೆನಿಂಗ್ ಅವರ ಬೆನ್ನು ಬಿಡಲಿಲ್ಲ. ಇನ್ನೂ ಪ್ರಯೋಗದಲ್ಲಿದೆ ಎಂದರೂ ಆ ತಾಯಿ ಕೇಳಲಿಲ್ಲ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಮನುಷ್ಯನ ದೇಹದೊಳಗೆ ಮೊಟ್ಟಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ತಾಸು ನಡೆಯಿತು. ಮತ್ತೊಂದನ್ನು ಹಾಕಿದರು. ಹೀಗೆ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಾದವು. ಲಾರ್ಸನ್ ಬದುಕಿದ್ದು 86 ವರ್ಷ. 2001ರಲ್ಲಿ ತೀರಿಕೊಂಡದ್ದೂ ಹೃದಯದ ರೋಗದಿಂದಲ್ಲ, ಬೇರೆ ಕಾಯಿಲೆಯಿಂದ. ಯಂತ್ರ ಮಾಡಿದ ಇಂಜಿನಿಯರ್, ಅದನ್ನಿಟ್ಟ ವೈದ್ಯ ಇಬ್ಬರಿಗಿಂತಲೂ ಹೆಚ್ಚು ಕಾಲ ಆತ ಬದುಕಿದ. ತನ್ನಂಥ ರೋಗಿಗಳ ಪರವಾಗಿ ಮಾತಾಡುತ್ತ, ಅವರಿಗೆ ಧೈರ್ಯ ಹೇಳುತ್ತ ಬಾಳಿದ.

ಅಮೆರಿಕ, ಸ್ವೀಡನ್ ಇರಲಿ, ನಮ್ಮ ಊರಿನ ಮಾತಿಗೆ ಬರೋಣ. ನಮ್ಮ ಭಾಗ ವೈದ್ಯಕ್ಕೆ ಬಡವಲ್ಲ. ಡಾ. ವಾನ್‌ಲೆಸ್ ಅವರು 1894ರಲ್ಲಿ ದವಾಖಾನೆ ಕಟ್ಟಿದಂದಿನಿಂದ ಮೀರಜ ಪಟ್ಟಣಕ್ಕೆ ನಮ್ಮ ಹಿರಿಯರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಇಂದು ಕೊಲ್ಹಾಪುರ, ಸಾಂಗಲಿ, ಬೆಳಗಾವಿಗೂ, ಕೆಲವರು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೂ ಹೋಗುತ್ತಾರೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಪೇಸ್‌ಮೇಕರ್ ಅಳವಡಿಸುವ ಚಿಕಿತ್ಸೆಯೂ ಸೇರಿದೆ. ಯೋಜನೆಗೆ ಒಳಪಟ್ಟ ದವಾಖಾನೆಯಲ್ಲಿ ಆರೋಗ್ಯಮಿತ್ರ ಎಂಬುವರಿರುತ್ತಾರೆ, ಮೊದಲು ಅವರನ್ನು ಕಾಣಿರಿ.

ನಮ್ಮ ಕೊರತೆ ಬೇರೆ. ವೈದ್ಯರು ಮಾತಾಡುವುದು ಮರಾಠಿ ಅಥವಾ ಹಿಂದಿಯಲ್ಲಿ. ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿ. ಮನೆಯಲ್ಲಿ ಅಜ್ಜಿಗೆ ತಿಳಿಯುವುದು ಕನ್ನಡ. ಮೊಮ್ಮಗ ಓದಿ ಹೇಳಿದರೂ ಅವನಿಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಹೀಗಾಗಿ ಯಾವ ಗುಳಿಗೆ ರಕ್ತ ತೆಳುಮಾಡುವುದು, ಯಾವುದು ಬಡಿತ ಹಿಡಿಯುವುದು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆರಾಮವೆನಿಸಿದೊಡನೆ ಗುಳಿಗೆ ನಿಲ್ಲಿಸುತ್ತಾರೆ. ಲಕ್ವ ಹೊಡೆಯುವ ಅಪಾಯ ಇರುವುದು ಅಲ್ಲಿಯೇ. ಅಬ್ಲೇಶನ್ ಆದ ಮೇಲೆ ರಕ್ತ ತೆಳುಮಾಡುವ ಗುಳಿಗೆಯನ್ನು ಕನಿಷ್ಠ ಎರಡು ತಿಂಗಳು, ಕೆಲವರು ಜೀವಮಾನವಿಡೀ ತೆಗೆದುಕೊಳ್ಳಬೇಕಾಗುತ್ತದೆ. ನಿಲ್ಲಿಸುವ ಮಾತನ್ನು ವೈದ್ಯರೇ ಹೇಳಬೇಕು.

ದೇವಸ್ಥಾನಕ್ಕೆ ಬರುವ ಭಕ್ತರಾದ ನಮಗೆ ಸಂಬಂಧಿಸಿದ ಕೆಲವು ಮಾತುಗಳನ್ನು ಬಿಡಿಸಿ ಹೇಳುತ್ತೇನೆ.

ಉಪವಾಸದ ದಿನ ಗುಳಿಗೆಯನ್ನೂ ಬಿಡುವವರಿದ್ದಾರೆ. ಹಾಗೆ ಮಾಡಬಾರದು. ಕೆಲವು ಗುಳಿಗೆಗಳನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಆದ್ದರಿಂದ ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಿರಿ. ವಾರ್ಫರಿನ್ ತೆಗೆದುಕೊಳ್ಳುವವರು ಪಾಲಕ, ಮೆಂತ್ಯದಂಥ ಸೊಪ್ಪನ್ನು ಒಂದು ವಾರ ಬುಟ್ಟಿಗಟ್ಟಲೆ ತಿಂದು ಮುಂದಿನ ವಾರ ಬಿಡುವುದಲ್ಲ, ಪ್ರಮಾಣ ಒಂದೇ ಸಮ ಇರಲಿ. ಕೇಳದೆ ನಾಟಿ ಔಷಧ ಬೆರೆಸಬೇಡಿ.

ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲ ನಾಲ್ಕರಿಂದ ಆರು ವಾರ ಆ ಬದಿಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಕೈಚಾಚಿ ದೀರ್ಘದಂಡ ನಮಸ್ಕಾರ ಹಾಕುವುದು, ಉರುಳು ಸೇವೆ, ಗಂಟೆಗೆ ಜಿಗಿದು ಕೈ ಹಾಕುವುದು ಆಗ ಬೇಡ. ನಿಂತು ಕೈಮುಗಿದರೆ ಸಾಕು. ಹಾಗೆಂದು ಕೈಯನ್ನು ಎದೆಗೆ ಕಟ್ಟಿಕೊಂಡು ಕೂಡ್ರಬೇಡಿ, ಭುಜ ಹಿಡಿದುಬಿಡುತ್ತದೆ. ಯಂತ್ರವಿರುವ ಬದಿಯ ಹೆಗಲಿಗೆ ಪಲ್ಲಕ್ಕಿ ಕೊಡಬೇಡಿ. ಡೊಳ್ಳು, ಹಲಗೆ, ಗಂಟೆಗಳ ಸಪ್ಪಳದಿಂದ ಯಂತ್ರ ಕೆಡುವುದಿಲ್ಲ. ಆದರೆ ದೊಡ್ಡ ಸ್ಪೀಕರಿನಲ್ಲಿ ಅಯಸ್ಕಾಂತವಿರುತ್ತದೆ, ಅದಕ್ಕೆ ಎದೆ ಒರಗಿಸಿ ನಿಲ್ಲಬೇಡಿ. ದೊಡ್ಡ ಕ್ಷೇತ್ರಗಳಲ್ಲಿ ಲೋಹ ಪತ್ತೆಮಾಡುವ ಬಾಗಿಲಿದ್ದರೆ ನಿಲ್ಲದೆ ದಾಟಿಹೋಗಿ. ಯಂತ್ರದ ಕಾರ್ಡನ್ನು ಜೊತೆಗಿಟ್ಟುಕೊಂಡು ತೋರಿಸಿ. ಮೊಬೈಲನ್ನು ಅಂಗಿಯ ಮೇಲ್ಜೇಬಿನಲ್ಲಿ ಇಡಬೇಡಿ, ಯಂತ್ರದಿಂದ ಒಂದು ಗೇಣು ದೂರವಿರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಿ. ವೆಲ್ಡಿಂಗ್ ಕೆಲಸದವರು ವೈದ್ಯರನ್ನು ಕೇಳಿಯೇ ಕೆಲಸಕ್ಕೆ ಹೋಗಿ. ಅಶುಭದ ಮಾತೆಂದು ತಿಳಿಯಬೇಡಿ, ಇದನ್ನೂ ಹೇಳಬೇಕು: ದಹನ ಮಾಡುವ ಮನೆತನದವರು ಯಂತ್ರವನ್ನು ಮೊದಲೇ ತೆಗೆಸಬೇಕು, ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ.

ಅಬ್ಲೇಶನ್ ಆದವರು ಒಂದು ವಾರ ಭಾರ ಎತ್ತಬಾರದು. ತೊಡೆಸಂದಿನಿಂದ ರಕ್ತ ಬಂದರೆ ಮಲಗಿ, ಗಟ್ಟಿಯಾಗಿ ಒತ್ತಿಹಿಡಿದು, ಜನರನ್ನು ಕರೆಯಿರಿ. ಮುಂದಿನ ಎಂಟು ವಾರಗಳಲ್ಲಿ ಜ್ವರ, ನುಂಗುವಾಗ ನೋವು, ಎದೆನೋವು ಬಂದರೆ ಅಬ್ಲೇಶನ್ ಮಾಡಿದ ದವಾಖಾನೆಗೇ ತಡಮಾಡದೆ ತಿಳಿಸಿ. ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಪೇಸ್‌ಮೇಕರ್ ಗಾಯ ಕೆಂಪಾಗಿ ಊದಿದರೆ, ಕೀವು ಬಂದರೆ, ಮತ್ತೆ ಕಣ್ಣು ಕತ್ತಲೆಗೂಡಿದರೆ ಅದೇ ದಿನ ಹೋಗಿ ತೋರಿಸಿ.

ಇನ್ನು ಧೈರ್ಯ ಹೇಳಲು ಹೋಗುವವರಿಗೆ ಎರಡು ಮಾತು. ಹೋದವರು ಮೊದಲು ಕೇಳಬೇಕು, ಆಮೇಲೆ ಹೇಳಬೇಕು. "ನನಗೆ ಹೀಗಾಗಿತ್ತು" ಎನ್ನಬಹುದು. "ನಿನಗೂ ಹೀಗೇ ಆಗುತ್ತದೆ" ಎನ್ನಬಾರದು. ನಮ್ಮ ಗುಳಿಗೆ ಅವರಿಗೆ ಕೊಡಬಾರದು, ಅವರದು ಬಿಡಿಸಬಾರದು. ಸತ್ತವರ ಸುದ್ದಿ ಹೇಳುವ ಜಾಗ ಅದಲ್ಲ. ಮನೆಯ ಹೆಣ್ಣುಮಕ್ಕಳನ್ನೂ ಮಾತಾಡಿಸಬೇಕು. ರೋಗಿ ಮಲಗಿದಾಗ ಅವನ ಉಸಿರು ಎಣಿಸುತ್ತ ರಾತ್ರಿ ಎದ್ದು ಕೂಡ್ರುವವರು ಅವರು; ಅವರ ಅಂಜಿಕೆಯನ್ನು ಯಾರೂ ಕೇಳುವುದಿಲ್ಲ. ಇನ್ನೂ ಒಂದು ನೋವಿನ ಸಂಗತಿ. ಮಗಳ ಮದುವೆಗೆ ಅಡ್ಡಿಯಾದೀತೆಂದು, ಕೆಲಸ ಹೋದೀತೆಂದು, ಎದೆಯಲ್ಲಿ ಯಂತ್ರವಿರುವುದನ್ನು ಬಚ್ಚಿಡುವ ಮನೆಗಳಿವೆ. ಬಚ್ಚಿಟ್ಟವರಿಗೆ ಆಸರೆ ಎಲ್ಲಿಂದ ಬರಬೇಕು? ಯಂತ್ರವಿದ್ದವರೂ ಹೊಲ ನೋಡುತ್ತಾರೆ, ಅಡುಗೆ ಮಾಡುತ್ತಾರೆ, ಸಂಸಾರ ನಡೆಸುತ್ತಾರೆ. ಕನ್ನಡಕ ಹಾಕಿದವರನ್ನು ನಾವು ರೋಗಿ ಎನ್ನುತ್ತೇವೆಯೆ?

ಆದ್ದರಿಂದ ಸಮಿತಿಯವರಲ್ಲಿ ನನ್ನದೊಂದು ಬಿನ್ನಹ. ತಿಂಗಳಿಗೊಂದು ದಿನ, ಸಾಯಂಕಾಲದ ಮಂಗಳಾರತಿಯ ನಂತರ ಅರ್ಧ ತಾಸು, ದೇವಸ್ಥಾನದ ಕಟ್ಟೆಯ ಮೇಲೆ ಇಂಥ ಚಿಕಿತ್ಸೆಯಾದವರು ಕೂಡಲು ಅವಕಾಶ ಮಾಡಿಕೊಡಿ. ಹಣ ಬೇಡ, ಫಲಕ ಬೇಡ, ಚಹಾ ಕೂಡ ಬೇಡ. ಹೊಸಬರು ತಮ್ಮ ದವಾಖಾನೆಯ ಕಾಗದ ತರಲಿ. ಓದಬಲ್ಲ ತರುಣರು, ಔಷಧ ಅಂಗಡಿಯವರು ಬಂದು ಅದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಲಿ. ತಿಳಿಯದ್ದನ್ನು ಬರೆದುಕೊಟ್ಟು ವೈದ್ಯರನ್ನು ಕೇಳಲು ಕಳಿಸಲಿ. ಬಂದವರೆಲ್ಲರಿಗೂ ನಾಡಿ ನೋಡಿಕೊಳ್ಳುವುದನ್ನು ಕಲಿಸೋಣ. ಹೆಬ್ಬೆರಳಿನ ಬುಡದ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಬಡಿತ ಸಿಗುತ್ತದೆ. ಸುಮ್ಮನೆ ಕುಳಿತಾಗ ಅರವತ್ತರಿಂದ ನೂರು ಇರಬೇಕು. ಬಡಿತ ಒಂದೇ ಸಮ ಇಲ್ಲದಿದ್ದರೆ ಹೋಗಿ ಇಸಿಜಿ ಮಾಡಿಸಬೇಕು. ಲಕ್ವ ಹೊಡೆಯುವ ಮೊದಲೇ ರೋಗ ಗೊತ್ತಾದರೆ ಒಂದು ಮನೆತನವೇ ಉಳಿದಂತೆ.

ದೇವರ ಮುಂದೆ ನಿಂತು ನಾವು ಆರೋಗ್ಯ ಬೇಡುತ್ತೇವೆ. ಬೇಡಿದ ಆರೋಗ್ಯ ನಮಗೆ ದೊರೆತ ಮೇಲೆ, ಅದೇ ಕಷ್ಟದಲ್ಲಿರುವ ಇನ್ನೊಬ್ಬರ ಪಕ್ಕದಲ್ಲಿ ಕೂಡ್ರುವುದೂ ಒಂದು ಸೇವೆಯೇ. ನನ್ನ ಪಾಳಿಗೆ ನಾನು ಸಿದ್ಧನಿದ್ದೇನೆ. ತಮ್ಮಲ್ಲಿ ಇಂಥ ಚಿಕಿತ್ಸೆಯಾದವರು ಇದ್ದರೆ, ಸಂಕೋಚಪಡದೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕೆಂದು ಕೇಳಿಕೊಳ್ಳುತ್ತೇನೆ.