ಸೊರಬ: ಚಿಹ್ನೆ ಬದಲಾದರೂ ಹೆಸರು ಬದಲಾಗದ ಕ್ಷೇತ್ರ



ಶಿವಮೊಗ್ಗ ಜಿಲ್ಲೆಯ ವಾಯುವ್ಯ ಮೂಲೆಯಲ್ಲಿರುವ ತಾಲ್ಲೂಕು ಸೊರಬ. ಗಡಿ ದಾಟಿದರೆ ಬನವಾಸಿ. ಚಂದ್ರಗುತ್ತಿಯ ಕಡೆ ಅಡಿಕೆ ತೋಟ ಮತ್ತು ಕಾಡು, ಆನವಟ್ಟಿಯ ಕಡೆ ಭತ್ತ, ಮೆಕ್ಕೆಜೋಳ. ಗಂಧದ ಕೆತ್ತನೆಯ ಗುಡಿಗಾರರ ಊರು ಇದು. 1957ರಲ್ಲಿ ಮೊದಲ ಬಾರಿಗೆ ಗುರುತಿಸಿದ ಮಂಗನ ಕಾಯಿಲೆಗೆ ವೈದ್ಯರು ಹೆಸರಿಟ್ಟದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನದು. ಬೇಸಾಯವನ್ನೇ ನಂಬಿದ ಇಂಥ ಹಳ್ಳಿಗಾಡಿನ ಕ್ಷೇತ್ರವೊಂದು ಕರ್ನಾಟಕದ ರಾಜಕೀಯದಲ್ಲಿ ತನ್ನ ತೂಕಕ್ಕಿಂತ ದೊಡ್ಡ ಜಾಗ ಪಡೆದದ್ದು ಹೇಗೆ ಎಂಬುದೇ ಇವತ್ತಿನ ಮಾತು.

1967ರಿಂದ 1994ರವರೆಗೆ ಏಳು ವಿಧಾನಸಭಾ ಚುನಾವಣೆಗಳು ನಡೆದವು. ಸೊರಬದಲ್ಲಿ ಏಳರಲ್ಲೂ ಗೆದ್ದವರು ಒಬ್ಬರೇ, ಸಾರೆಕೊಪ್ಪ ಬಂಗಾರಪ್ಪ. ಜನ ಅವರನ್ನು ‘ಸೋಲಿಲ್ಲದ ಸರದಾರ’ ಎಂದು ಕರೆದರು. ಈ ಗೆಲುವುಗಳಿಗೆ ಜಾತಿಯೊಂದೇ ಕಾರಣ ಎಂದು ಹೇಳಿ ಮುಗಿಸುವವರಿದ್ದಾರೆ. ದೀವರ ಸಂಖ್ಯೆ ಇಲ್ಲಿ ದೊಡ್ಡದು, ಬಂಗಾರಪ್ಪ ಅದೇ ಸಮುದಾಯದವರು, ಇದು ನಿಜ. ಆದರೆ ಆ ಜನ ಹೆಚ್ಚಾಗಿ ಗೇಣಿದಾರರಾಗಿದ್ದರು ಎಂಬುದನ್ನು ಬಿಟ್ಟರೆ ಈ ಕಥೆಯ ಬೇರೇ ಕೈಬಿಟ್ಟು ಹೋಗುತ್ತದೆ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹವನ್ನು ನೆನೆಯಬೇಕು. ಜಗಳ ಹತ್ತಿದ್ದು ಕೊಳಗದ ಮೇಲೆ. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಅಳೆಯಲು ಒಡೆಯರು ತರುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು ಎಂಬುದು ರೈತರ ದೂರು. ಕಣದಲ್ಲಿ ರಾಶಿಯ ಮುಂದೆ ಕೂತು, ತಾನೇ ಬೆಳೆದ ಭತ್ತ ಕೊಳಗ ಕೊಳಗವಾಗಿ ಇನ್ನೊಬ್ಬರ ಗಾಡಿಗೆ ಹೋಗುವುದನ್ನು ಎಣಿಸಬೇಕಾದವನಿಗೆ ಆ ಒಂದೊಂದು ಸೇರಿನ ವ್ಯತ್ಯಾಸ ಎಷ್ಟೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಳೆಗಾಲಕ್ಕೆ ಮನೆಯಲ್ಲಿ ಉಳಿಯುವ ಅನ್ನದ ಲೆಕ್ಕ ಅದು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು. ಸಮಾಜವಾದಿಗಳು ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ, 1952ರ ಮೊದಲ ಚುನಾವಣೆಯಲ್ಲಿ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ಆ ಹೋರಾಟದ ಕಾವು ಸೊರಬದ ಗದ್ದೆಗಳಿಗೂ ತಟ್ಟಿತ್ತು.

1967ರಲ್ಲಿ ಬಂಗಾರಪ್ಪ ಸಮಾಜವಾದಿಯಾಗಿ ಸೊರಬದಲ್ಲಿ ಗೆದ್ದರು. ಕುಬಟೂರಿನಲ್ಲಿ ಹುಟ್ಟಿದ, ವಕೀಲಿ ಓದಿದ, ಮೂವತ್ತಮೂರರ ಯುವಕ. ಈ ಕ್ಷೇತ್ರದ ಸ್ವಭಾವ ಚೆನ್ನಾಗಿ ಕಾಣುವುದು 1972ರಲ್ಲಿ. ಇಂದಿರಾ ಗಾಂಧಿಯವರ ಅಲೆಯಲ್ಲಿ ರಾಜ್ಯವೆಲ್ಲ ಕಾಂಗ್ರೆಸ್ಸಿನ ಕೈಗೆ ಹೋಯಿತು. ಆದರೂ ಸೊರಬದಿಂದ ಬಂಗಾರಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಮೂವರೂ ಸಮಾಜವಾದಿಗಳಾಗಿಯೇ ಗೆದ್ದರು. ಈ ಮೂರು ಮಲೆನಾಡು ಕ್ಷೇತ್ರಗಳು ಅಲೆಗೆ ಜಗ್ಗಲಿಲ್ಲ. ಗೋಪಾಲಗೌಡರು ತೀರಿಕೊಂಡದ್ದೂ ಅದೇ ವರ್ಷದ ಜೂನ್ ತಿಂಗಳಲ್ಲಿ.

ಮುಂದೆ ನಡೆದದ್ದು ವಿಚಿತ್ರ. ಸಮಾಜವಾದಿಗಳು ಕೇಳಿದ್ದ ಭೂಸುಧಾರಣೆಯನ್ನು ಜಾರಿಗೆ ತಂದದ್ದು ಕಾಂಗ್ರೆಸ್ಸಿನ ದೇವರಾಜ ಅರಸರು. 1974ರ ತಿದ್ದುಪಡಿಯ ನಂತರ ಗೇಣಿದಾರರು ಫಾರಂ 7ರ ಅರ್ಜಿ ಬರೆಸಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು, ಉಳುತ್ತಿದ್ದ ನೆಲಕ್ಕೆ ಹಕ್ಕು ಪಡೆದರು. ಬಂಗಾರಪ್ಪನವರೂ ಕಾಂಗ್ರೆಸ್ ಸೇರಿದರು, ಅರಸರ ಮಂತ್ರಿಮಂಡಲಕ್ಕೆ ಹೋದರು. ಇದನ್ನು ಬರೀ ಪಕ್ಷಾಂತರ ಎಂದು ನಾನು ನೋಡುವುದಿಲ್ಲ. ಬೇಡಿಕೆ ಯಾವ ಬಾಗಿಲಲ್ಲಿ ಈಡೇರುತ್ತದೆಯೋ ಆ ಬಾಗಿಲಿಗೆ ಕ್ಷೇತ್ರವೂ ಅವರ ಜೊತೆ ನಡೆಯಿತು.

ಆದರೆ ಅಲ್ಲಿಂದಾಚೆಗೆ ಬಾಗಿಲುಗಳು ಬಹಳವಾದವು. 1978ರಲ್ಲಿ ಇಂದಿರಾ ಕಾಂಗ್ರೆಸ್ಸಿನ ಹೊಸ ಹಸ್ತದ ಗುರುತು. 1983ರಲ್ಲಿ ಕ್ರಾಂತಿರಂಗ ಪಕ್ಷದ ನಾಯಕರಾಗಿ ಜನತಾ ಪಕ್ಷದ ಜೊತೆ. ಆಗ ಮುಖ್ಯಮಂತ್ರಿ ಪದವಿ ರಾಮಕೃಷ್ಣ ಹೆಗಡೆಯವರಿಗೆ ಹೋಯಿತು. 1985ರ ಹೊತ್ತಿಗೆ ಬಂಗಾರಪ್ಪ ಮತ್ತೆ ಕಾಂಗ್ರೆಸ್ಸಿನಲ್ಲಿದ್ದರು, ವಿರೋಧ ಪಕ್ಷದ ನಾಯಕರಾದರು. 1989ರಲ್ಲೂ ಹಸ್ತ. 1994ರಲ್ಲಿ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ. ಇವೆಲ್ಲ ಕಾಗದದ ಮತಪತ್ರದ ಕಾಲದ ಗೆಲುವುಗಳು ಎಂಬುದನ್ನು ಗಮನಿಸಿ. ಓದಲು ಬಾರದ ಅಜ್ಜಿಯೊಬ್ಬಳು ಮರೆಯ ಹಿಂದೆ ನಿಂತು, ಕಳೆದ ಸಲ ಒತ್ತಿದ್ದ ಗುರುತನ್ನು ಬಿಟ್ಟು ಈ ಸಲದ ಗುರುತನ್ನು ಹುಡುಕಿ ಮೊಹರು ಒತ್ತಬೇಕು, ಶಾಯಿ ಪಕ್ಕದ ಗುರುತಿಗೆ ತಾಗದಂತೆ ಮಡಚಿ ಪೆಟ್ಟಿಗೆಗೆ ಹಾಕಬೇಕು. ಸಾವಿರಾರು ಜನ ಪ್ರತಿ ಸಲವೂ ಅದನ್ನು ತಪ್ಪದೆ ಮಾಡಿದರು. ಅವರನ್ನು ತಿಳಿವಳಿಕೆ ಇಲ್ಲದ ಮತದಾರರು ಎಂದು ಕರೆಯಲು ನನಗಂತೂ ಮನಸ್ಸು ಬಾರದು.

1990ರ ಅಕ್ಟೋಬರ್‌ನಲ್ಲಿ ಸೊರಬದ ಶಾಸಕ ಮುಖ್ಯಮಂತ್ರಿಯಾದರು, 1992ರ ನವೆಂಬರ್‌ವರೆಗೆ ಇದ್ದರು. ಬಡವರಿಗೆ ಮನೆ ಕೊಡುವ ಆಶ್ರಯ, ಊರ ಗುಡಿಗಳಿಗೆ ಆರಾಧನಾ, ಗ್ರಾಮೀಣ ಕಸುಬುಗಳಿಗೆ ವಿಶ್ವ, ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್, ಇವೆಲ್ಲ ಆ ಕಾಲದ ಯೋಜನೆಗಳು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ವಿರುದ್ಧ 1991ರಲ್ಲಿ ಸುಗ್ರೀವಾಜ್ಞೆ ಹೊರಡಿಸಿದ್ದೂ ಅದೇ ಸರ್ಕಾರ. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೆ ಆ ಯೋಜನೆಗಳನ್ನು ನೋಡಿದರೆ, ಹಳ್ಳಿಯ ಒಂದು ಮನೆಗೆ ಏನೇನು ಬೇಕು ಎಂಬುದನ್ನು ಬಲ್ಲವರು ಮಾಡಿದ ಪಟ್ಟಿಯಂತಿದೆ.

1996ರಲ್ಲಿ ಅವರು ಲೋಕಸಭೆಗೆ ಹೋದರು. ತೆರವಾದ ಸ್ಥಾನಕ್ಕೆ ಮಗ ಕುಮಾರ್ ಬಂಗಾರಪ್ಪ ಬಂದರು, 1999ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. 2004ರಲ್ಲಿ ತಂದೆ ಬಿಜೆಪಿಯಲ್ಲಿ. ಸೊರಬದಲ್ಲಿ ಕಿರಿಯ ಮಗ ಮಧು ಬಿಜೆಪಿ ಅಭ್ಯರ್ಥಿ, ಹಿರಿಯ ಮಗ ಕುಮಾರ್ ಕಾಂಗ್ರೆಸ್ ಅಭ್ಯರ್ಥಿ. ಮತಯಂತ್ರದ ಗುಂಡಿ ಒತ್ತಿದ ಆ ಚುನಾವಣೆಯಲ್ಲಿ ಗೆದ್ದವರು ಕುಮಾರ್. ಒಂದೇ ಮನೆಯ ಇಬ್ಬರ ನಡುವೆ ಆರಿಸಬೇಕಾಗಿ ಬಂದಾಗ ಹಳೆಯ ಅಭಿಮಾನಿಗಳಿಗೆ ಆದ ಸಂಕಟ ಸಣ್ಣದಲ್ಲ. ಗೇಣಿಯ ನೆನಪಿನಿಂದ ಹುಟ್ಟಿದ ನಿಷ್ಠೆ ಮನೆತನದ ಪಾಲುಪಟ್ಟಿಗೆ ಬಂದು ನಿಂತದ್ದು ಅಲ್ಲೇ, ಮತ್ತು ಈ ಕ್ಷೇತ್ರಕ್ಕೆ ನಷ್ಟವಾದದ್ದೂ ಅಲ್ಲೇ ಎಂದು ನನ್ನ ಭಾವನೆ. ಊರಿನ ಚರ್ಚೆ ನೆಲ, ನೀರು, ಶಾಲೆ ಬಿಟ್ಟು ಅಣ್ಣನೋ ತಮ್ಮನೋ ಎಂಬಲ್ಲಿಗೆ ಇಳಿಯಿತು.

ಮತದಾರರು ಅದನ್ನೂ ಸುಮ್ಮನೆ ಒಪ್ಪಲಿಲ್ಲ. 2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಹೊಸನಗರ ಕ್ಷೇತ್ರ ಇಲ್ಲವಾದಾಗ ಅಲ್ಲಿಂದ ಬಂದ ಬಿಜೆಪಿಯ ಹರತಾಳು ಹಾಲಪ್ಪನವರನ್ನು ಗೆಲ್ಲಿಸಿದರು. ಅಣ್ಣತಮ್ಮಂದಿರಿಬ್ಬರೂ ಸೋತರು. ಅದೇ ಚುನಾವಣೆಯಲ್ಲಿ ಬಂಗಾರಪ್ಪ ಸಮಾಜವಾದಿ ಪಕ್ಷದಿಂದ ಪಕ್ಕದ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ನಿಂತು ಸೋತಿದ್ದರು. 2011ರ ಡಿಸೆಂಬರ್ 26ರಂದು ಅವರು ತೀರಿಕೊಂಡರು.

2013ರಲ್ಲಿ ಜೆಡಿಎಸ್‌ನಿಂದ ಮಧು, 2018ರಲ್ಲಿ ಬಿಜೆಪಿಯಿಂದ ಕುಮಾರ್, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಮಧು. ಕೊನೆಯ ಗೆಲುವಿನ ಅಂತರ ನಲವತ್ತು ಸಾವಿರ ದಾಟಿತ್ತು, ಮಧು ಶಾಲಾ ಶಿಕ್ಷಣ ಸಚಿವರಾದರು. ನೆಲದ ಹಳೆಯ ಪ್ರಶ್ನೆ, ಅಂದರೆ ಸರ್ಕಾರಿ ನೆಲವನ್ನು ಮಂಜೂರಾತಿಯಿಲ್ಲದೆ ಉಳುವ ಬಗರ್ ಹುಕುಂ ಸಾಗುವಳಿಯ ಪ್ರಶ್ನೆ ಮಾತ್ರ, ಇನ್ನೂ ಇತ್ಯರ್ಥವಾಗಿಲ್ಲ. ಫಾರಂ 50, 53, 57 ಎಂದು ತಲೆಮಾರಿಗೊಂದು ನಮೂನೆ ಬಂತು, ಅರ್ಜಿ ಹಾಕಿದವರಲ್ಲಿ ಎಷ್ಟೋ ಜನ ಕಾಡಂಚಿನ ಆ ನೆಲವನ್ನು ಸಾಗುವಳಿ ಚೀಟಿಯಿಲ್ಲದೆಯೇ ಉಳುತ್ತಿದ್ದಾರೆ. ಈ ಅರ್ಜಿಗಳನ್ನು ತೀರ್ಮಾನಿಸುವ ತಾಲ್ಲೂಕು ಸಮಿತಿಯ ಅಧ್ಯಕ್ಷತೆ ವಹಿಸುವವರು ಕ್ಷೇತ್ರದ ಶಾಸಕರೇ.