ಮರೆಯುವವರಿಗೊಂದು ಆ್ಯಪ್



ಎಡಿಎಚ್‌ಡಿ ಎಂದರೆ ಮಕ್ಕಳ ಚೇಷ್ಟೆ ಎಂದೇ ಅನೇಕರು ತಿಳಿದಿದ್ದಾರೆ. ಗಮನ ಒಂದೆಡೆ ನಿಲ್ಲದ ಈ ತೊಂದರೆ ಹಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, ಇದನ್ನು ಗುರುತಿಸಲು 17 ವರ್ಷ ತುಂಬಿದವರಲ್ಲಿ 6ರ ಬದಲು 5 ಲಕ್ಷಣಗಳು ಸಾಕು ಎಂದಿತು. ಆದರೆ ಕೆಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು.

ನಾನೂ ಅಂಥವನೇ. ಹಿಂದೊಮ್ಮೆ ಕೆಲಸ ನೆನಪಿಸುವ ಆ್ಯಪೊಂದಕ್ಕೆ 7 ದಿನ ಉಚಿತವೆಂದು ಸೇರಿದೆ. ರದ್ದು ಮಾಡುವುದನ್ನೇ ಮರೆತೆ! ವರ್ಷದ ಹಣ ಖಾತೆಯಿಂದ ಹೋಯಿತು. ಮರೆಯುವವನ ಮರೆವಿನಿಂದಲೇ ಸಂಪಾದಿಸುವ ಆ್ಯಪ್ ಅಗ್ಗದ್ದು ಹೇಗಾದೀತು?

ಕಂಪ್ಯೂಟರ್ ಓದುತ್ತಿರುವ ನೀವು ಇಂಥದ್ದನ್ನು ರೂಪಿಸುವುದಾದರೆ, ತಾನಾಗಿ ಮುಂದುವರಿಯುವ ಚಂದಾ ಬೇಡ. ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ, ಇಂಟರ್‌ನೆಟ್ ಇಲ್ಲದೆಯೂ ನಡೆಯಲಿ. ಎಲ್ಲವೂ ಫೋನಿನೊಳಗೇ ಇದ್ದರೆ ನಿಮಗೆ ಸರ್ವರ್ ಖರ್ಚಿಲ್ಲ, ನಮ್ಮ ಗುಟ್ಟೂ ಹೊರಬೀಳದು. ಪರದೆಯಲ್ಲಿ ಒಮ್ಮೆಗೆ ಒಂದೇ ಕೆಲಸವಿರಲಿ. ಅದೂ "ಅರ್ಜಿ ತುಂಬಿ" ಎಂದಲ್ಲ, "ಬೀರುವಿನಿಂದ ಅಂಕಪಟ್ಟಿ ತೆಗೆಯಿರಿ" ಎಂಬಷ್ಟು ಚಿಕ್ಕದು. ಸಮಯ ಸರಿಯುವುದು ನಮಗೆ ತಿಳಿಯುವುದೇ ಇಲ್ಲ. ಅಂಕಿಗಿಂತ ಕರಗುತ್ತಾ ಹೋಗುವ ಬಣ್ಣದ ಪಟ್ಟಿ ವಾಸಿ. ನಾಲ್ಕು ದಿನ ತೆರೆಯದಿದ್ದರೆ ಕೆಂಪಕ್ಷರದಲ್ಲಿ ಗದರಿಸಬೇಡಿ. "ಸೋಮಾರಿ" ಎನಿಸಿಕೊಂಡೇ ಬೆಳೆದವರು ನಾವು, ಅಂದೇ ಅಳಿಸಿಹಾಕುತ್ತೇವೆ.

ಕಾಯಿಲೆ ಇದೆಯೋ ಇಲ್ಲವೋ ಎಂಬ ತೀರ್ಮಾನ ವೈದ್ಯರಿಗೇ ಇರಲಿ. ಸರ್ಕಾರ 2022ರಲ್ಲಿ ಆರಂಭಿಸಿದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416 ಮೊದಲ ಪುಟದಲ್ಲೇ ಕಾಣಲಿ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಸಿದ್ಧವಾದಾಗ ನನ್ನನ್ನು ಕರೆಯಿರಿ, ಪರೀಕ್ಷಿಸಿ ಹೇಳುತ್ತೇನೆ. ಬರಲು ಮರೆತರೆ ಮತ್ತೊಮ್ಮೆ ಕರೆಯಿರಿ.