ಚೊಚ್ಚಲ ಹೆರಿಗೆ: ಮದ್ದಿಗಿಂತ ಮೊದಲು ಧೈರ್ಯ
(ನಿರ್ಣಾದಲ್ಲಿ ತಾಯಂದಿರು ಮತ್ತು ವಿದ್ಯಾರ್ಥಿನಿಯರ ಸಭೆಯಲ್ಲಿ ಮಾಡಿದ ಭಾಷಣ)



ಹೆರಿಗೆಯ ಮಾತನ್ನು ಸಭೆಯಲ್ಲಿ ಆಡಲು ನಾವು ಸಂಕೋಚಪಡುತ್ತೇವೆ. ಆದರೆ ಪವಿತ್ರ ಕುರ್‌ಆನ್ ಅದನ್ನು ಮುಚ್ಚಿಟ್ಟಿಲ್ಲ. 19ನೇ ಅಧ್ಯಾಯವಾದ ಸೂರಃ ಮರ್ಯಮ್‌ನಲ್ಲಿ ಹಜ್ರತ್ ಮರ್ಯಮ್ (ಅ) ಅವರ ಹೆರಿಗೆ ನೋವಿನ ಪ್ರಸ್ತಾಪವಿದೆ. ನೋವು ತಾಳಲಾರದೆ ಅವರು ಖರ್ಜೂರದ ಮರದ ಬುಡಕ್ಕೆ ಬಂದರು, ಸಾವನ್ನೂ ಬಯಸಿದರು. ಆಗ ಅವರಿಗೆ ಸಿಕ್ಕಿದ್ದು ಬೈಗುಳವಲ್ಲ. ಸಾಂತ್ವನದ ಮಾತು, ಕುಡಿಯಲು ನೀರು, ತಿನ್ನಲು ಹಣ್ಣು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆಯ ಬಗ್ಗೆ ನೀಡಿದ ಸಲಹೆಗಳಲ್ಲಿಯೂ ಇವು ಮೂರೂ ಇವೆ.

ಚೊಚ್ಚಲ ಹೆರಿಗೆ ನಿಧಾನ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ನಂತರವೂ ಪೂರ್ತಿ ತೆರೆಯಲು 12 ಗಂಟೆಯವರೆಗೆ ಹಿಡಿಯಬಹುದು. ಇದು ತಿಳಿಯದ ಹುಡುಗಿ ಹೆದರುತ್ತಾಳೆ. ಹೆದರಿದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ. ಕೆಲಸ ಕಲಿಯುತ್ತಿದ್ದಾಗ ಕಿರುಚಿದ ಒಬ್ಬ ಹುಡುಗಿಯನ್ನು ನಾನೂ ಗದರಿಸಿದ್ದೆ. ಆಕೆ ಸುಮ್ಮನಾದಳು, ಆದರೆ ಭಯ ಹೋಗಲಿಲ್ಲ. ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಜೊತೆಗೊಬ್ಬರು ಇರಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ನೀಡಲು ಕೇಂದ್ರ ಸರ್ಕಾರ 2016ರಲ್ಲೇ ಸೂಚಿಸಿದೆ. ತಾಯಿಯೋ, ಅತ್ತೆಯೋ, ಅಕ್ಕನೋ, ಹೆತ್ತ ಅನುಭವವಿರುವ ಹೆಂಗಸು ಕೈ ಹಿಡಿದು ಕೂರಲಿ. 15,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 26 ಅಧ್ಯಯನಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ನಿರಂತರ ಆಸರೆ ಸಿಕ್ಕವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ ಎಂದು ಕಂಡುಬಂತು.

ಎರಡನೆಯದು, ಅಂಗಾತ ಮಲಗಿಸಬೇಡಿ. ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಓಡಾಡಲಿ, ಕೂರಲಿ, ದಣಿದರೆ ಎಡಮಗ್ಗುಲಿಗೆ ಮಲಗಲಿ. ಮೂರನೆಯದು, ನೋವು ಬಂದಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಒತ್ತಿ ತಿಕ್ಕಿ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಿ. ಬಿಸಿ ಎಷ್ಟಿದೆಯೆಂದು ಮೊದಲು ನಿಮ್ಮ ಕೈಗೆ ತಾಗಿಸಿ ನೋಡಿ. ಉಸಿರನ್ನು ನಿಧಾನವಾಗಿ ಬಿಡಲು ಹೇಳಿ, ನೀವೂ ಅವಳ ಜೊತೆ ಬಿಡಿ. ತೊಂದರೆಯಿಲ್ಲದ ಹೆರಿಗೆಯಲ್ಲಿ ನೀರು, ಗಂಜಿ ಕೊಡಬಹುದು. ಆಗಾಗ ಮೂತ್ರಕ್ಕೆ ಕಳಿಸಿ.

ಮಾಡಬಾರದ್ದೂ ಇದೆ. ಬಾಯಿ ಪೂರ್ತಿ ತೆರೆಯುವ ಮೊದಲು ಮುಕ್ಕಿಸಬಾರದು. ಹೊಟ್ಟೆಯ ಮೇಲೆ ಒತ್ತಬಾರದು. ಬೇಗ ಆಗಲೆಂದು ಮನೆಯಲ್ಲಿ ನೋವಿನ ಇಂಜೆಕ್ಷನ್ ಹಾಕಿಸಬಾರದು. ಅದರಿಂದ ಗರ್ಭಕೋಶ ಹರಿಯಬಹುದು, ಮಗು ಉಸಿರುಗಟ್ಟಬಹುದು. ಆದರೆ ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯಲು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಬೇಡವೆನ್ನಬೇಡಿ. ಆರೈಕೆ ಎಂದರೆ ಔಷಧದ ವಿರೋಧವಲ್ಲ.

ರಕ್ತ ಹೋದರೆ, ನೀರು ಹಸಿರಾಗಿ ಬಂದರೆ, ಮಗುವಿನ ಚಲನೆ ಕಡಿಮೆಯಾದರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಆಗ ಮಾಲಿಶ್ ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಚೊಚ್ಚಲಿಗೆ ಮಗಳು ತವರಿಗೆ ಬರುತ್ತಾಳೆ. ನಿರ್ಣಾದಿಂದ ಹುಮನಾಬಾದಿಗೋ ಬೀದರಿಗೋ ಹೋಗುವ ಏರ್ಪಾಡನ್ನು ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿ ಮೊದಲೇ ಮಾಡಿಕೊಳ್ಳಿ.

ಕೊನೆಯದಾಗಿ ಪಾಲಕರಿಗೆ ಒಂದು ವಿನಂತಿ. ನಮ್ಮ ಹೆಣ್ಣುಮಕ್ಕಳನ್ನು ಹೆಂಗಸರೇ ನೋಡಬೇಕು ಎನ್ನುತ್ತೇವೆ, ನಮ್ಮ ಮಗಳನ್ನು ಮಾತ್ರ ನರ್ಸಿಂಗ್‌ಗೆ ಕಳಿಸಲು ಹಿಂಜರಿಯುತ್ತೇವೆ. ಪ್ರವಾದಿಯವರ (ಸ) ಕಾಲದಲ್ಲಿ ಹಜ್ರತ್ ರುಫೈದಾ (ರ) ಮದೀನಾದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದರು. ಪಾವಗಡದ ಸೂಲಗಿತ್ತಿ ನರಸಮ್ಮನವರು ಓದುಬರಹ ಕಲಿಯದಿದ್ದರೂ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಓದಿದ ನಮ್ಮ ಹುಡುಗಿಯರು ಎಷ್ಟು ಮಾಡಬಹುದು, ಯೋಚಿಸಿ.

ಎಲ್ಲ ತಾಯಂದಿರ ಹೆರಿಗೆಯನ್ನು ಅಲ್ಲಾಹನು ಸುಗಮಗೊಳಿಸಲಿ. ಆಮೀನ್.